ವಿಗಾರರು ಬದಲಾದಾಗ: ಹಾರ-ಶಾಲುಗಳ ನಂತರದ ಪ್ರಶ್ನೆ

2025ರ ಮೇ 8ರಂದು ಪೋಪ್ ಹದಿನಾಲ್ಕನೇ ಲಿಯೋ ಆಯ್ಕೆಯಾದರು. ಅಮೆರಿಕದಲ್ಲಿ ಹುಟ್ಟಿ ಪೆರುವಿನಲ್ಲಿ ಸೇವೆ ಸಲ್ಲಿಸಿದ ಅವರ ಹೆಸರನ್ನು ಕರಾವಳಿಯ ಹೆಚ್ಚಿನವರು ಅಲ್ಲಿಯವರೆಗೆ ಕೇಳಿರಲಿಲ್ಲ. ಆದರೂ ಮರುದಿನದ ಬಲಿಪೂಜೆಯಲ್ಲೇ ಅವರಿಗಾಗಿ ಪ್ರಾರ್ಥಿಸಿದೆವು, ಯಾರದೂ ತಕರಾರಿರಲಿಲ್ಲ. ಅದೇ ನಾವು, ನಮ್ಮ ಚರ್ಚಿಗೆ ಹೊಸ ವಿಗಾರರು ಬಂದರೆ “ಹಿಂದಿನ ಫಾದರ್ ಹೀಗೆ ಮಾಡುತ್ತಿರಲಿಲ್ಲ” ಎನ್ನಲು ಎರಡು ಭಾನುವಾರ ಕಾಯುವುದಿಲ್ಲ.

ಇದು ಸಹಜವೇ. ರೋಮ್ ದೂರ, ವಿಗಾರರು ಹತ್ತಿರ. ಮನೆಯ ಮರಣಕ್ಕೂ ಮಗಳ ಮದುವೆಗೂ ಬೇಕಾದವರು ಅವರೇ.

ನಮ್ಮಲ್ಲಿ ವರ್ಗಾವಣೆಯ ಕಾಲವೆಂದರೆ ಸಾಮಾನ್ಯವಾಗಿ ಮೇ-ಜೂನ್. ಬೀಳ್ಕೊಡುಗೆ ಚೆನ್ನಾಗಿಯೇ ನಡೆಯುತ್ತದೆ. ಶಾಲು, ಹಾರ, ಕಣ್ಣೀರು, ಹೊಸ ಚರ್ಚಿನವರೆಗೆ ಬಸ್ಸು ಮಾಡಿಕೊಂಡು ಹೋಗಿ ಬಿಟ್ಟುಬರುವ ಪ್ರೀತಿ. ಆದರೆ ಆ ಬಸ್ಸು ಹಿಂತಿರುಗಿದ ಮೇಲೆ ಚರ್ಚಿನ ಕಚೇರಿಯಲ್ಲಿ ಉಳಿದಿರುವುದೇನು ಎಂದು ಕೇಳುವವರು ಕಡಿಮೆ.

ಕೆಲವು ವರ್ಷಗಳ ಹಿಂದೆ ನಾನು ಒಂದು ಚರ್ಚಿಗೆ ಹೋದಾಗ ಅಲ್ಲಿ ಅರ್ಧ ಎದ್ದ ಸಭಾಭವನವಿತ್ತು. ಯಾರು ಎಷ್ಟು ಕೊಡುತ್ತೇವೆಂದು ಮಾತು ಕೊಟ್ಟಿದ್ದರು ಎಂಬ ಪಟ್ಟಿ ಇರಲಿಲ್ಲ. ಅದು ಹಿಂದಿನವರ ನೆನಪಿನಲ್ಲಿತ್ತು. ಗಲ್ಫಿನಲ್ಲಿದ್ದ ಕುಟುಂಬವೊಂದು “ಫಾದರ್, ನಾವು ಮಾತು ಕೊಟ್ಟದ್ದು ಅವರಿಗೆ” ಎಂದೇ ಹೇಳಿತು. ಹತ್ತು ತಿಂಗಳು ಕೆಲಸ ನಿಂತಿತು. ಆ ಕುಟುಂಬವನ್ನು ನಾನು ದೂರುವುದಿಲ್ಲ. ದಾನ ಚರ್ಚಿಗೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ನನ್ನ ತಪ್ಪೂ ಇತ್ತು. ಬಂದ ಎರಡನೇ ತಿಂಗಳಲ್ಲೇ ಭಾನುವಾರದ ಏಳೂವರೆಯ ಪೂಜೆಯನ್ನು ಆರೂವರೆಗೆ ತಂದೆ. ವಾಳೆಯ ಹಿರಿಯ ಗುರ್ಕಾರರೊಬ್ಬರು ಬಂದು, “ಫಾದರ್, ಡೈರಿಗೆ ಹಾಲು ಕೊಟ್ಟು ಬರುವವರಿಗೆ ಇನ್ನು ಪೂಜೆ ಸಿಗುವುದಿಲ್ಲ. ಕೇಳಿದ್ದರೆ ಹೇಳುತ್ತಿದ್ದೆವು” ಎಂದರು. ಪಾಲನಾ ಮಂಡಳಿಯ ಸಭೆಯಲ್ಲಿ ನಾನು ವಿಷಯ ತಿಳಿಸಿದ್ದೆ ನಿಜ. ತಿಳಿಸಿದ್ದೆ, ಕೇಳಿರಲಿಲ್ಲ.

1983ರ ಧರ್ಮಸಭಾ ಕಾನೂನು ಸಂಹಿತೆಯ 515ನೇ ವಿಧಿಯ ಪ್ರಕಾರ ಧರ್ಮಕೇಂದ್ರವೆಂದರೆ ಭಕ್ತರ ಸ್ಥಿರವಾದ ಸಮುದಾಯ, ಗುರುಗಳು ಅದರ ಪಾಲಕರು. ಹಣಕಾಸು ಸಮಿತಿ ಪ್ರತಿ ಧರ್ಮಕೇಂದ್ರದಲ್ಲೂ ಇರಲೇಬೇಕು (537ನೇ ವಿಧಿ). ಪಾಲನಾ ಮಂಡಳಿಯನ್ನು ಮಾತ್ರ 536ನೇ ವಿಧಿ ಧರ್ಮಾಧ್ಯಕ್ಷರ ವಿವೇಚನೆಗೆ ಬಿಟ್ಟಿದೆ, ಅದಕ್ಕಿರುವುದು ಸಲಹೆಯ ಅಧಿಕಾರ. 2024ರ ಅಕ್ಟೋಬರ್ 26ರಂದು ಅಂಗೀಕಾರವಾದ ಸಿನೊಡ್‌ನ ಅಂತಿಮ ದಾಖಲೆ ಇಂತಹ ಮಂಡಳಿಗಳು ಕಡ್ಡಾಯವಾಗಬೇಕೆಂದು ಒತ್ತಾಯಿಸಿದೆ. ನಮ್ಮಲ್ಲಿ ಮಂಡಳಿಗಳಿಗೆ ಕೊರತೆಯಿಲ್ಲ. ಉಪಾಧ್ಯಕ್ಷರೂ ಕಾರ್ಯದರ್ಶಿಯೂ ಇದ್ದಾರೆ. ಆದರೆ ಹೊಸಬರು ಬಂದ ದಿನ ಅವರ ಕೈಯಲ್ಲಿ ಹೂಗುಚ್ಛವಿರುತ್ತದೆಯೇ ಹೊರತು ಬಾಕಿ ಕೆಲಸಗಳ ಪಟ್ಟಿ ಇರುವುದು ಅಪರೂಪ.

ದೊಡ್ಡ ಬದಲಾವಣೆಯನ್ನು ನಮ್ಮ ಜನ ನಿಭಾಯಿಸಲಾರರು ಎಂದಲ್ಲ. 2012ರಲ್ಲಿ ಮಂಗಳೂರು ಧರ್ಮಪ್ರಾಂತ್ಯವನ್ನು ವಿಭಜಿಸಿ ಉಡುಪಿ ಧರ್ಮಪ್ರಾಂತ್ಯ ಸ್ಥಾಪನೆಯಾದಾಗ ಅಲ್ಲಿನ ಚರ್ಚುಗಳಿಗೆ ಧರ್ಮಾಧ್ಯಕ್ಷರೇ ಬದಲಾದರು. ವಾಳೆಗಳೂ ಗುರ್ಕಾರರೂ ಇದ್ದಲ್ಲೇ ಇದ್ದುದರಿಂದ ಮನೆಮನೆಯ ಪ್ರಾರ್ಥನೆ ನಿಲ್ಲಲಿಲ್ಲ. ವಿಗಾರರು ಬದಲಾಗುವಾಗ ನಾವು ಮರೆಯುವುದು ಈ ಗುರ್ಕಾರರನ್ನೇ. ಯಾವ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಯಾವ ಮನೆಯವರು ಜಗಳವಾಡಿ ಚರ್ಚಿಗೆ ಬರುವುದು ಬಿಟ್ಟಿದ್ದಾರೆ ಎಂಬುದು ಯಾವ ರಿಜಿಸ್ಟರಿನಲ್ಲೂ ಇರುವುದಿಲ್ಲ. ಹೊಸ ಗುರುಗಳು ಮೊದಲ ತಿಂಗಳು ಅವರ ಜೊತೆ ಮನೆಗಳಿಗೆ ನಡೆದು ಹೋದರೆ ಸಾಕಷ್ಟು ತಿಳಿಯುತ್ತದೆ. ಹೋದ ಗುರುಗಳಿಗೆ ದಿನಾ ಫೋನ್ ಮಾಡಿ ಹೊಸಬರ ಸುದ್ದಿ ಒಪ್ಪಿಸುವ ಸೇವೆಯನ್ನು ಭಕ್ತರೂ ನಿಲ್ಲಿಸಬಹುದು. ಫೋನ್ ಎತ್ತುವ ನಮ್ಮಂಥವರೂ ಅದರಲ್ಲಿ ಪಾಲುದಾರರೇ!

ಆ ಸಭಾಭವನ ಕೊನೆಗೂ ಮುಗಿಯಿತು. ನಾನು ವರ್ಗವಾಗುವಾಗ ಕೊಟ್ಟವರ, ಕೊಡಬೇಕಾದವರ ಪಟ್ಟಿಗೆ ಉಪಾಧ್ಯಕ್ಷರಿಂದ ಸಹಿ ಹಾಕಿಸಿ ಹೊಸಬರಿಗೆ ಒಪ್ಪಿಸಿದೆ. ಅವರೂ ಪೂಜೆಯ ಸಮಯ ಬದಲಿಸಿದರಂತೆ, ಗುರ್ಕಾರರನ್ನು ಕೇಳಿ.