ಹಸಿ ಸಿಂಪಿ: ಎಚ್ಚರಿಕೆ ಫಲಕ ಸೋತಲ್ಲಿ ಕಾನೂನು ಗೆದ್ದಿತು

ಸಿಂಪಿಯ ಚಿಪ್ಪು ಬಿಡಿಸಿ, ಒಳಗಿನ ಮಾಂಸಕ್ಕೆ ನಿಂಬೆರಸ ಹಿಂಡಿ ಹಸಿಯಾಗಿಯೇ ನುಂಗುವುದು ಅಮೆರಿಕನ್ನರ ಹಳೆಯ ಚಪಲ. ಅದರೊಳಗಿರಬಹುದಾದ ವಿಬ್ರಿಯೊ ವಲ್ನಿಫಿಕಸ್ ಎಂಬ ಬ್ಯಾಕ್ಟೀರಿಯಾ ನಿಂಬೆಹುಳಿಗಾಗಲಿ, ಜತೆಗೆ ಕುಡಿಯುವ ಮದ್ಯಕ್ಕಾಗಲಿ ಸಾಯುವುದಿಲ್ಲ. ಸೋಂಕು ತಗಲಿದ ಐವರಲ್ಲಿ ಸುಮಾರು ಒಬ್ಬರು ಸಾವಿಗೀಡಾಗುತ್ತಾರೆ. ಕೆಲವರು ಒಂದೆರಡು ದಿನಗಳಲ್ಲೇ. ಯಕೃತ್ತಿನ ಕಾಯಿಲೆ, ಮಧುಮೇಹ ಇರುವವರಿಗೆ ಅಪಾಯ ಹೆಚ್ಚು.

ಇದು ಚರಂಡಿಯಿಂದ ಬರುವ ರೋಗಾಣುವಲ್ಲ. ಬೆಚ್ಚಗಿನ, ಅರೆ ಉಪ್ಪಿನ ನೀರೇ ಇದರ ಸಹಜ ನೆಲೆ. ಆಹಾರಕ್ಕಾಗಿ ದಿನವಿಡೀ ನೀರು ಸೋಸುವ ಸಿಂಪಿಯ ಒಡಲಲ್ಲಿ ಇದು ಶೇಖರವಾಗುತ್ತದೆ. ಬಣ್ಣ, ವಾಸನೆ, ರುಚಿ ಯಾವುದೂ ಬದಲಾಗದು. ಹೀಗಾಗಿ 'ಶುದ್ಧ ನೀರಿನ ಮಾಲು' ಎಂಬ ವ್ಯಾಪಾರಿಯ ಭರವಸೆಗೆ ಇಲ್ಲಿ ಅರ್ಥವಿಲ್ಲ.

ಕ್ಯಾಲಿಫೋರ್ನಿಯಾ ರಾಜ್ಯ 1991ರಿಂದ ಹೋಟೆಲುಗಳಲ್ಲಿ ಎಚ್ಚರಿಕೆಯ ಫಲಕ ಹಾಕಿಸಿತು. ಓದಿದವರೆಷ್ಟೋ, ಸಾವು ಮಾತ್ರ ನಿಲ್ಲಲಿಲ್ಲ. 2003ರಲ್ಲಿ ಅದು ದಾರಿ ಬದಲಿಸಿತು: ಮೆಕ್ಸಿಕೊ ಕೊಲ್ಲಿಯ ಸಿಂಪಿಯನ್ನು ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಹಸಿಯಾಗಿ ಮಾರಬೇಕಾದರೆ ಮೊದಲು ಹದವಾದ ಶಾಖ, ಅಧಿಕ ಒತ್ತಡ ಅಥವಾ ಶೀಘ್ರ ಶೈತ್ಯೀಕರಣದಂಥ ಸಂಸ್ಕರಣೆಗೆ ಒಳಪಡಿಸಲೇಬೇಕು. ಆ ಸಿಂಪಿಯಿಂದಾಗುತ್ತಿದ್ದ ಸಾವುಗಳು ಅಲ್ಲಿ ಬಹುತೇಕ ನಿಂತೇಹೋದವು.

ಇದೇ ನಿಯಮವನ್ನು ದೇಶಕ್ಕೆಲ್ಲ ಅನ್ವಯಿಸುವುದಾಗಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2009ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. ಕೊಲ್ಲಿ ರಾಜ್ಯಗಳ ಉದ್ಯಮಿಗಳೂ ಜನಪ್ರತಿನಿಧಿಗಳೂ ಸಿಡಿದೆದ್ದರು. ಮರುತಿಂಗಳೇ ಆಡಳಿತ ಹಿಂದೆ ಸರಿಯಿತು. ಸಂಸ್ಕರಣೆಯಿಂದ ಬೆಲೆ ಏರುತ್ತದೆ, ಸಣ್ಣ ಉದ್ಯಮಿಗೆ ಹೊರೆಯಾಗುತ್ತದೆ ಎಂಬ ವಾದ ಸುಳ್ಳಲ್ಲ. ಆದರೆ ಆ ಹೊರೆಗೆ ನೆರವು ನೀಡಬಹುದಿತ್ತು, ನಿಯಮವನ್ನೇ ಕೈಬಿಡಬೇಕಿರಲಿಲ್ಲ. ಸಮುದ್ರ ಬಿಸಿಯಾದಂತೆ ಅಪಾಯ ಉತ್ತರಕ್ಕೂ ಸರಿಯುತ್ತಿದೆ. 2023ರ ಬೇಸಿಗೆಯಲ್ಲಿ ನ್ಯೂಯಾರ್ಕ್, ಕನೆಕ್ಟಿಕಟ್‌ಗಳಲ್ಲೂ ಈ ಸೋಂಕಿನಿಂದ ಸಾವುಗಳಾದವು.

ನಮ್ಮ ಕರಾವಳಿಯಲ್ಲಿ ಮರುವಾಯಿ, ಬಳಚುಗಳನ್ನು ಬೇಯಿಸಿಯೇ ಉಣ್ಣುವುದರಿಂದ ತಟ್ಟೆಯ ಮಟ್ಟಿಗೆ ನಾವು ಬಚಾವು. ಚೆನ್ನಾಗಿ ಬೆಂದರೆ ಈ ಬ್ಯಾಕ್ಟೀರಿಯಾ ಸಾಯುತ್ತದೆ. ಆದರೆ ಇದಕ್ಕೆ ಗಾಯವೂ ಒಂದು ಬಾಗಿಲು. ಅಘನಾಶಿನಿಯಂಥ ಅಳಿವೆಗಳಲ್ಲಿ ಬರಿಗಾಲಿನಲ್ಲಿ ನಿಂತು ಚಿಪ್ಪು ಹೆಕ್ಕುವವರ ಕೈಕಾಲು ಕೊಯ್ದುಕೊಳ್ಳುವುದು ನಿತ್ಯದ ಮಾತು. ಅಂಥ ಗಾಯ ಕೆಲವೇ ಗಂಟೆಗಳಲ್ಲಿ ಊದಿಕೊಂಡು, ಕಡು ನೋವಿನೊಂದಿಗೆ ನೀರುಗುಳ್ಳೆ ಎದ್ದರೆ ತಕ್ಷಣ ಆಸ್ಪತ್ರೆ ಸೇರಬೇಕು. ತಾನು ಉಪ್ಪುನೀರಿಗೆ ಇಳಿದಿದ್ದ ಸಂಗತಿಯನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಸರಿಯಾದ ಔಷಧ ಬೇಗ ಬಿದ್ದಷ್ಟೂ ಉಳಿಯುವ ಸಾಧ್ಯತೆ ಹೆಚ್ಚು.