ಮನೆ ಇರಲಿ ಮೊಣಕಾಲಿನ ಅಳತೆಗೆ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಅಂತಾರೆ ಹಿರಿಯರು. ಕಟ್ಟಿದ ಮನೆಯಲ್ಲಿ ವಯಸ್ಸಾಗಿ ನೋಡು ಅಂತ ಮಾತ್ರ ಯಾರೂ ಹೇಳಲಿಲ್ಲ. ಗದಗ-ಬೆಟಗೇರಿಯ ಯಾವುದೇ ಹೊಸ ಬಡಾವಣೆಯಲ್ಲಿ ಗೃಹಪ್ರವೇಶದ ಊಟಕ್ಕೆ ಕೂತವರ ಮಾತು ಕೇಳಿ. ಗ್ರಾನೈಟ್ ಎಲ್ಲಿಂದ ತಂದ್ರಿ, ಪಿಒಪಿ ಯಾರು ಮಾಡಿದ್ರು, ಅಡುಗೆಮನೆಗೆ ಎಷ್ಟಾಯ್ತು... ಎಲ್ಲ ಚರ್ಚೆಯೂ ಆಗುತ್ತದೆ. 'ರಾತ್ರಿ ಎರಡು ಗಂಟೆಗೆ ಎದ್ದರೆ ನಿಮ್ಮ ಅತ್ತೆಯವರು ಬಚ್ಚಲಿಗೆ ಹೇಗೆ ಹೋಗ್ತಾರೆ?' ಎಂದು ಕೇಳುವವರು ಮಾತ್ರ ಸಿಗುವುದಿಲ್ಲ.

ಚಿಕ್ಕ ಪ್ರಶ್ನೆ ಅನ್ನಿಸಬಹುದು. ಆದರೆ ಎಷ್ಟೋ ಮನೆಗಳಲ್ಲಿ ವಯಸ್ಸಾದ ಹೆಣ್ಣುಮಕ್ಕಳು ಸಂಜೆ ಆರರ ನಂತರ ನೀರು ಕುಡಿಯುವುದನ್ನೇ ಬಿಟ್ಟಿರುತ್ತಾರೆ. ಕೇಳಿದರೆ, 'ನೀರು ಕುಡದ್ರ ರಾತ್ರಿ ಏಳಬೇಕಾಗ್ತೈತಿ, ಬ್ಯಾಡ ಬಿಡವ್ವಾ' ಅನ್ನುತ್ತಾರೆ. ನಮ್ಮ ಕಡೆಯ ಬೇಸಿಗೆಯಲ್ಲಿ ನೀರು ಕಡಿಮೆಯಾದರೆ ಉರಿಮೂತ್ರ, ಮಲಬದ್ಧತೆ, ತಲೆಸುತ್ತು. ತಲೆ ಸುತ್ತಿದರೆ ಬೀಳುವುದು. ಬೀಳಬಾರದೆಂದು ಮಾಡಿದ ಉಪಾಯವೇ ಬೀಳಿಸುತ್ತದೆ! ಜಗತ್ತಿನಲ್ಲಿ ಪ್ರತಿ ವರ್ಷ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ, ಅವರಲ್ಲಿ 60 ದಾಟಿದವರೇ ಹೆಚ್ಚು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬಿದ್ದು ಬದುಕುಳಿದವರ ಸೇವೆ ಯಾರ ಪಾಲಿಗೆ ಬರುತ್ತದೆ ಅಂತ ನಾವೇನೂ ಹೇಳಬೇಕಾಗಿಲ್ಲ. ಎತ್ತಿ ಕೂರಿಸುವ ಸೊಂಟ ನಿಮ್ಮದೇ.

ಅದಕ್ಕೇ ಗೆಳತಿಯರೇ, ಮನೆಯ ಅಂದದ ಲೆಕ್ಕಕ್ಕಿಂತ ಮೊದಲು ಮೊಣಕಾಲಿನ ಲೆಕ್ಕ ಹಾಕೋಣ. ಇದು ಅತ್ತೆ-ಮಾವನಿಗೆ ಮಾಡುವ ಉಪಕಾರ ಅಲ್ಲ. ಇಂದಿನ ಸೊಸೆ ನಾಳೆಯ ಅತ್ತೆ. ಈ ಮನೆಯಲ್ಲಿ ಮುಪ್ಪು ಕಳೆಯಬೇಕಾದವರು ನೀವೇ.

ಹಳೆಯ ಮನೆ ಹೇಳುವ ಪಾಠ

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಹಳೆಯ ಓಣಿಗಳ ಮಣ್ಣಿನ ಮಾಳಿಗೆ ಮನೆಗಳನ್ನು ನೆನಪಿಸಿಕೊಳ್ಳಿ. ದಪ್ಪ ಗೋಡೆ, ಬೆಳಕಿಂಡಿ, ಮುಂದೊಂದು ಕಟ್ಟೆ. ಬೇಸಿಗೆಯಲ್ಲೂ ಒಳಗೆ ತಂಪು. ಓಣಿಯ ಸುದ್ದಿಯೆಲ್ಲ ಕಟ್ಟೆಯ ಮೇಲೇ. ಇಷ್ಟಾದರೂ ಹಳೆಯದೆಲ್ಲ ಒಳ್ಳೆಯದು ಅಂತಲ್ಲ. ದನ ಕಟ್ಟುವ ಜಾಗ ಕೆಳಗೆ, ಪಡಸಾಲೆ ಎರಡಡಿ ಮೇಲೆ. ಬಾಗಿಲು ಗಿಡ್ಡ, ಹೊಸ್ತಿಲು ಎತ್ತರ. ಬಚ್ಚಲು ಒಂದು ಮೂಲೆ, ಸಂಡಾಸು ಹಿತ್ತಲಿನಾಚೆ. ಗಟ್ಟಿ ಕಾಲಿದ್ದಾಗ ಇದ್ಯಾವುದೂ ಕಾಣಿಸುವುದಿಲ್ಲ.

ಕೂರುವ ಜಾಗ ಹೇಗಿರಬೇಕು ಅಂತ ಕಲಿಯಲು ದೂರ ಹೋಗಬೇಕಿಲ್ಲ. ನಮ್ಮ ಗದುಗಿನ ತ್ರಿಕೂಟೇಶ್ವರ ಗುಡಿಯಲ್ಲಿ ಕಕ್ಷಾಸನಗಳಿವೆ. ಕೂತವರ ಬೆನ್ನಿಗೆ ಆಸರೆಯಾಗಲೆಂದು ಹಿಂದಿನ ಕಲ್ಲನ್ನು ಹೊರಕ್ಕೆ ವಾಲಿಸಿ ಕಟ್ಟಿದ್ದಾರೆ. ಚಾಲುಕ್ಯರ ಕಾಲದ ಶಿಲ್ಪಿಗೆ ಬೆನ್ನಿನ ಚಿಂತೆ ಇತ್ತು! ಮನೆ ಮುಂದೆ ಕಟ್ಟೆ ಕಟ್ಟಿಸುವವರು ಇಷ್ಟು ಗಮನಿಸಿ: ಎತ್ತರ 17-18 ಇಂಚು ಇರಲಿ, ಒರಗಲು ಆಸರೆ ಇರಲಿ, ಏಳುವಾಗ ಹಿಡಿಯಲು ಪಕ್ಕದಲ್ಲೊಂದು ಕೈಪಿಡಿ ಇರಲಿ. ಮೂರಡಿ ಎತ್ತರದ ಕಟ್ಟೆಯನ್ನು ಅಜ್ಜಿ ದೂರದಿಂದ ನೋಡಬಹುದು ಅಷ್ಟೇ.

ಬಾಗಿಲಿನಿಂದಲೇ ಶುರು

ನಮ್ಮಲ್ಲಿ ಬಹಳ ಕಡೆ ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಆ ಭಯಕ್ಕೆ ಗರಸು ತುಂಬಿ ಪಾಯವನ್ನು ಮೇಲೆತ್ತುತ್ತೇವೆ. ಮುಂದಿನ ರಸ್ತೆ ಎತ್ತರವಾದರೆ ನೀರು ಒಳಗೆ ಬಂದೀತೆಂದು ಇನ್ನೊಂದಡಿ. ಹೀಗೆ ಬಾಗಿಲಿಗೆ ನಾಲ್ಕೈದು ಪಾವಟಿಗೆ ಆಗಿಬಿಡುತ್ತವೆ. ಪಾಯ ಎತ್ತರ ಇರುವುದು ತಪ್ಪಲ್ಲ. ಹತ್ತುವ ದಾರಿಯನ್ನು ಕೊನೆಗೆ ಉಳಿದ ಜಾಗದಲ್ಲಿ ತುರುಕುವುದು ತಪ್ಪು.

ಇಳಿಜಾರಿನ ಲೆಕ್ಕ ಸುಲಭ. ಒಂದಡಿ ಎತ್ತರಕ್ಕೆ 12 ಅಡಿ ಉದ್ದ. ಎರಡಡಿ ಪಾಯಕ್ಕೆ 24 ಅಡಿ. 'ಅಷ್ಟು ಜಾಗ ಎಲ್ಲಿಂದ ತರೋಣ?' ಅನ್ನಬೇಡಿ. 30-40ರ ಸೈಟಿನಲ್ಲಿ ಮನೆಯ ಪಕ್ಕದ ಓಣಿಯುದ್ದಕ್ಕೂ ಇಳಿಜಾರು ತರಬಹುದು. ಅಗಲ ಮೂರಡಿಗಿಂತ ಕಡಿಮೆ ಬೇಡ. ಮೇಲೆ ಬಾಗಿಲ ಮುಂದೆ ಗಾಲಿಕುರ್ಚಿ ತಿರುಗುವಂತೆ ಐದಡಿ ಸಮತಟ್ಟು ಜಾಗ ಬಿಡಿ. ಬೈಕ್ ಏರಿಸಲು ಗೇಟಿನ ಬಳಿ ಮಾಡಿಸುತ್ತೇವಲ್ಲ, ಆ ಕಡಿದಾದ ಇಳಿಜಾರಿನಲ್ಲಿ ಗಾಲಿಕುರ್ಚಿ ತಳ್ಳಲು ಹೋಗಬೇಡಿ. ಕುರ್ಚಿ ಹಿಂದಕ್ಕೆ ಮಗುಚುತ್ತದೆ.

ಜಾಗವೇ ಇಲ್ಲದಿದ್ದರೆ ಪಾವಟಿಗೆಯನ್ನಾದರೂ ಸರಿ ಮಾಡಿಸಿ. ಆರಿಂಚಿಗಿಂತ ಎತ್ತರ ಬೇಡ, ಪಾದ ಪೂರ್ತಿ ಊರುವಂತೆ 12 ಇಂಚು ಅಗಲ ಇರಲಿ, ಎರಡೂ ಕಡೆ ಕೈಪಿಡಿ ಇರಲಿ. ಹಿಂದೆ ಪಾವಟಿಗೆಯ ಅಂಚಿಗೆ ಸುಣ್ಣ-ಕೆಮ್ಮಣ್ಣಿನ ಪಟ್ಟೆ ಎಳೆಯುತ್ತಿದ್ದರಲ್ಲ, ಅದು ಬರೀ ಅಲಂಕಾರ ಅಲ್ಲ. ಕಣ್ಣು ಮಂಜಾದವರಿಗೆ ಮೆಟ್ಟಿಲು ಎಲ್ಲಿ ಮುಗಿಯಿತು ಅಂತ ಅದೇ ಹೇಳುತ್ತಿತ್ತು. ಒಂದೇ ಬಣ್ಣದ ಹೊಳೆಯುವ ಗ್ರಾನೈಟಿನಲ್ಲಿ ಆ ಗುರುತು ಮಾಯವಾಗಿದೆ. ಅಂಚಿಗೊಂದು ಹಳದಿ ಪಟ್ಟಿ ಅಂಟಿಸಿ, ಸಾಕು. ಪೂಜೆಯ ಹೊಸ್ತಿಲು ತಲಬಾಗಿಲಿಗೆ ಇರಲಿ, ಅದೂ ಒಂದಿಂಚಿನದು. ಒಳಗಿನ ಕೋಣೆಗಳಿಗೆ ಹೊಸ್ತಿಲು ಬೇಡವೇ ಬೇಡ.

ಬಚ್ಚಲು ಮೊದಲು, ಹಾಲ್ ಆಮೇಲೆ

ಕೈಯಲ್ಲಿ ಇರುವುದು ಸ್ವಲ್ಪವೇ ದುಡ್ಡು ಅಂದರೆ ಅಷ್ಟನ್ನೂ ಬಚ್ಚಲಿಗೆ ಹಾಕಿ. ಗೌಂಡಿ ಬಂದಾಗ ಈ ಚೀಟಿ ಅವರ ಕೈಗೆ ಕೊಡಿ:

* ಬಾಗಿಲು ಮೂರಡಿ ಅಗಲ, ಹೊರಕ್ಕೆ ತೆರೆಯುವಂತಿರಲಿ. ಒಳಗೆ ಬಿದ್ದವರು ಬಾಗಿಲಿಗೇ ಅಡ್ಡ ಬಿದ್ದರೆ ಒಳಕ್ಕೆ ತಳ್ಳಲು ಆಗುವುದಿಲ್ಲ. ಚಿಲಕ ಹೊರಗಿನಿಂದಲೂ ತೆಗೆಯುವಂಥದ್ದಾಗಿರಲಿ.
* ನೆಲಕ್ಕೆ ನುಣುಪು ಟೈಲ್ಸ್ ಬೇಡ. ಒರಟು ಮೈಯ ಟೈಲ್ಸ್ ಅಥವಾ ಪಾಲಿಶ್ ಮಾಡದ ಶಹಾಬಾದ್ ಫರ್ಸಿ ಹಾಕಿ. ನೀರು ತಡೆಯಲು ಕಟ್ಟೆ ಕಟ್ಟುವ ಬದಲು ನೆಲಕ್ಕೇ ಇಳಿಜಾರು ಕೊಡಿ.
* ಕಮೋಡ್ ಎತ್ತರ 17-18 ಇಂಚು. ಪಕ್ಕದ ಇಟ್ಟಿಗೆ ಗೋಡೆಗೆ ಗಟ್ಟಿ ಸ್ಟೀಲ್ ಕೈಪಿಡಿ ಕೂರಿಸಿ. ಟವೆಲ್ ಹಾಕುವ ಕಂಬಿ ಮನುಷ್ಯರ ಭಾರ ತಡೆಯುವುದಿಲ್ಲ. ಅದನ್ನೇ ಹಿಡಿದು ಏಳಲು ಹೋಗಿ ಬಿದ್ದವರುಂಟು.
* ಸ್ನಾನಕ್ಕೆ ಕಾಲು ಜಾರದ ಸ್ಟೂಲು. ಬಕೆಟ್ ಇಡಲು ಒಂದಡಿ ಕಟ್ಟೆ, ಅದರ ಮೇಲೆ ನಳ. ಬಗ್ಗಿ ತಂಬಿಗೆ ತುಂಬುವುದು ತಪ್ಪುತ್ತದೆ.

ನಮ್ಮ ಊರಿನ ಇನ್ನೊಂದು ತಾಪತ್ರಯ ನೀರಿನದು. ಅವಳಿ ನಗರಕ್ಕೆ ತುಂಗಭದ್ರೆಯ ನೀರು ಬರಬೇಕಾದದ್ದು ಮುಂಡರಗಿ ತಾಲೂಕಿನ ಹಮ್ಮಿಗಿಯಿಂದ. ನಳ ಬಂದ ದಿನ ಸಿಕ್ಕಿದ್ದೆಲ್ಲ ತುಂಬಿಡುವುದು ನಮಗೆ ರೂಢಿ. ಆದರೆ ಬಚ್ಚಲಿನಲ್ಲಿ ಡ್ರಮ್ಮು, ನಡೆಯುವ ದಾರಿಯಲ್ಲಿ ಕೊಡ, ಅಂಗಳದಲ್ಲಿ ಬಾಯಿ ತೆರೆದ ಟಾಕಿ ಇದ್ದರೆ ಅದು ಅಪಾಯದ ಸಾಲು. ಡ್ರಮ್ಮಿಗೆ ಬುಡದಲ್ಲಿ ನಳ ಕೂರಿಸಿ, ಗೋಡೆಗೆ ಒತ್ತಿ ಇಡಿ. ನೆಲದ ಟಾಕಿಗೆ ನೆಲಕ್ಕೆ ಸಮನಾದ ಗಟ್ಟಿ ಮುಚ್ಚಳ ಹಾಕಿಸಿ, ಬೀಗ ಇರಲಿ.

ರೊಟ್ಟಿ ಬಡಿಯಲು ಬೇರೆ ಕಟ್ಟೆ

ಅಡುಗೆಮನೆಯ ಅಳತೆಯನ್ನು ಬೆಂಗಳೂರಿನ ಪುಸ್ತಕದಿಂದ ತಂದರೆ ಒಂದು ವಿಷಯ ಬಿಟ್ಟುಹೋಗುತ್ತದೆ: ಜೋಳದ ರೊಟ್ಟಿ. ಪಲ್ಯ ಮಾಡುವ ಕಟ್ಟೆ ನಿಮ್ಮ ಮೊಣಕೈಗಿಂತ ನಾಲ್ಕಿಂಚು ಕೆಳಗಿದ್ದರೆ ಸರಿ. ಐದಡಿ ಎತ್ತರದ ಹೆಣ್ಣುಮಗಳಿಗೆ ಅದು 32-33 ಇಂಚು. ಆದರೆ ಅಷ್ಟೆತ್ತರದಲ್ಲಿ ನಿಂತು ಇಪ್ಪತ್ತು ರೊಟ್ಟಿ ಬಡಿದರೆ ಭುಜ ಹಿಡಿಯುತ್ತದೆ. ನೆಲದ ಮೇಲೆ ಕೂತು ಬಡಿದರೆ ಮೊಣಕಾಲು ಕೇಳುವುದಿಲ್ಲ. ಒಂದು ಮೂಲೆಯಲ್ಲಿ 28 ಇಂಚಿನ ಗಿಡ್ಡ ಕಟ್ಟೆ ಮಾಡಿಸಿ, ಕೆಳಗೆ ಕಾಲು ಚಾಚಲು ಖಾಲಿ ಬಿಡಿ, ಗಟ್ಟಿ ಸ್ಟೂಲಿನ ಮೇಲೆ ಕೂತು ಬಡಿಯಿರಿ. ಹಂಚಿನ ಒಲೆಯೂ ಕೈಗೆಟಕುವಂತೆ ಅಲ್ಲೇ ಇರಲಿ. ಅತ್ತೆಯವರೂ ಬಂದು ಕೂತು ನಾಲ್ಕು ರೊಟ್ಟಿ ಬಡಿದಾರು. 'ನನ್ನಿಂದ ಏನೂ ಆಗೂದಿಲ್ಲ' ಅನ್ನುವ ಅವರ ಕೊರಗೂ ಕಡಿಮೆಯಾದೀತು.

ದಿನಾ ಬೇಕಾಗುವ ಡಬ್ಬಿಗಳು ಮೊಣಕಾಲಿಗಿಂತ ಮೇಲೆ, ಭುಜಕ್ಕಿಂತ ಕೆಳಗೆ ಇರಲಿ. ವಸ್ತುವಿನ ಜಾಗ ಬದಲಿಸಬೇಡಿ. ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು ಮತ್ತು ಪುಟ್ಟರಾಜ ಗವಾಯಿಗಳ ವೀರೇಶ್ವರ ಪುಣ್ಯಾಶ್ರಮ ನಮ್ಮೂರಿನಲ್ಲೇ ಇದೆ. ಕಣ್ಣಿಲ್ಲದ ಎಷ್ಟೋ ಮಕ್ಕಳು ಅಲ್ಲಿ ಸಂಗೀತ ಕಲಿತರು. ಕಣ್ಣು ಕಾಣದವರು ನೆನಪಿನ ಮೇಲೆ ನಡೆಯುತ್ತಾರೆ. ಕುರ್ಚಿಯನ್ನು ಒಂದಡಿ ಸರಿಸಿಟ್ಟರೂ ಅವರಿಗೆ ಅದು ಹೊಸ ಮನೆ. ಮೋತಿಬಿಂದು ಆದ ಅಜ್ಜಿಗೂ ಹಾಗೆಯೇ.

ಹಿತ್ತಲಿಗೆ ತುಳಸಿ ಕಟ್ಟೆಯೇ ಗುರು

ಬಗ್ಗದೆ ನೀರು ಹಾಕಬಹುದು, ಸುತ್ತಲೂ ನಡೆಯಲು ದಾರಿ ಇರುತ್ತದೆ, ಆಯಾಸವಾದರೆ ಕಟ್ಟೆ ಹಿಡಿದು ನಿಲ್ಲಬಹುದು. ನಮ್ಮ ತುಳಸಿ ಕಟ್ಟೆ ಇದೆಯಲ್ಲ, ಅದೇ ಹಿರಿಯರ ಕೈತೋಟದ ಮಾದರಿ. ಅದೇ ಬುದ್ಧಿಯನ್ನು ಸೊಪ್ಪಿಗೂ ಹಚ್ಚಿ. ಇಟ್ಟಿಗೆಯಿಂದ ಎರಡೂವರೆ ಅಡಿ ಎತ್ತರದ ಮಡಿ ಕಟ್ಟಿಸಿ. ಒಂದೇ ಕಡೆಯಿಂದ ಕೈ ಚಾಚುವುದಾದರೆ ಅಗಲ ಎರಡಡಿ ಸಾಕು. ಬುಡದಲ್ಲಿ ನೀರು ಬಸಿಯಲು ತೂತು ಬಿಡಿ. ಬರೀ ಎರೆಮಣ್ಣು ತುಂಬಿದರೆ ಗಟ್ಟಿಯಾಗಿ ಬಿರಿಯುತ್ತದೆ. ಮರಳು ಮತ್ತು ಕೊಳೆತ ಗೊಬ್ಬರ ಬೆರೆಸಿ. ಮೆಂತ್ಯೆ, ರಾಜಗಿರಿ, ಪುದೀನ, ಕೊತ್ತಂಬರಿ, ದೊಡ್ಡಪತ್ರೆ ಹಾಕಿ. ಆಷಾಢದ ಗಾಳಿ ಬೀಸುವ ಕಡೆಗೆ ಕರಿಬೇವು, ದಾಸವಾಳ ಸಾಲಾಗಿ ನೆಟ್ಟರೆ ಎಳೆ ಸಸಿಗೆ ಮರೆ.

ನಡೆಯುವ ದಾರಿ ಮೂರಡಿ ಅಗಲ, ಸಮತಟ್ಟಾಗಿ, ಒರಟು ಫರ್ಸಿಯದು. ತಿರುವಿನಲ್ಲೊಂದು ಕೂರುವ ಕಲ್ಲು. ನೀರು? ತರಕಾರಿ ತೊಳೆದದ್ದು ಸೊಪ್ಪಿಗೆ, ಬಟ್ಟೆ ತೊಳೆದದ್ದು ಹೂವಿನ ಗಿಡಕ್ಕೆ. ತಾರಸಿಯ ಮಳೆನೀರನ್ನೂ ಬಿಡಬೇಡಿ. ವರ್ಷಕ್ಕೆ 600 ಮಿ.ಮೀ. ಮಳೆ ಬಿದ್ದರೂ 1,000 ಚದರಡಿ ತಾರಸಿಯಿಂದ 40 ಸಾವಿರ ಲೀಟರಿಗೂ ಹೆಚ್ಚು ನೀರು ಹಿಡಿಯಬಹುದು.

ಬಾಡಿಗೆ ಮನೆಯಾದರೆ?

'ಇವೆಲ್ಲ ಸ್ವಂತ ಮನೆಯವರಿಗೆ, ನಮಗೇನು?' ಅನ್ನಬೇಡಿ. ದಿಂಬಿನ ಪಕ್ಕ ಟಾರ್ಚ್, ಬಚ್ಚಲಿನ ದಾರಿಯಲ್ಲಿ ಸಣ್ಣ ರಾತ್ರಿ ದೀಪ, ಜಾರುವ ಕಾಲೊರಸು ತೆಗೆದುಹಾಕುವುದು, ಜೋತುಬಿದ್ದ ಹೊರಸಿನ ಬದಲು 18 ಇಂಚಿನ ಗಟ್ಟಿ ಮಂಚ, ಸಂಡಾಸಿನ ಮೇಲೆ ಇಡುವ ಕಮೋಡ್ ಕುರ್ಚಿ. ಇವಕ್ಕೆ ಗೋಡೆ ಒಡೆಯಬೇಕಿಲ್ಲ. ಎಲ್ಲ ಸೇರಿಸಿದರೂ ಒಂದು ಒಳ್ಳೆಯ ರೇಷ್ಮೆ ಸೀರೆಯ ಖರ್ಚು ಆಗಲಿಕ್ಕಿಲ್ಲ. ಬೆಟಗೇರಿಯ ನೇಕಾರರ ಮನೆಗಳಲ್ಲಿ ಕುಣಿಮಗ್ಗ ಇದ್ದರೆ, ಕೆಲಸ ಮುಗಿದ ಮೇಲೆ ಕುಣಿಗೆ ಹಲಗೆ ಮುಚ್ಚುವುದನ್ನು ಮರೆಯಬೇಡಿ. ಬಡತನ ರೇಖೆಗಿಂತ ಕೆಳಗಿರುವ ಹಿರಿಯರಿಗೆ ಊರುಗೋಲು, ವಾಕರ್, ಗಾಲಿಕುರ್ಚಿ ಕೊಡುವ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಲ್ಲಿ ಶುರುವಾಯಿತು. ಜಿಲ್ಲೆಯ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ.

ಕೇಳಿ ಮಾಡಿ, ಹೇಳಿ ಮಾಡಬೇಡಿ

ಎಲ್ಲಕ್ಕಿಂತ ಕಷ್ಟದ ಕೆಲಸ ಮನೆಯವರನ್ನು ಒಪ್ಪಿಸುವುದು. 'ನನಗೇನ ಆಗೇತಿ? ಗಟ್ಟಿ ಅದೀನಿ' ಅನ್ನುತ್ತಾರೆ ಹಿರಿಯರು. 'ಮನೆಯೊಳಗ ಸಂಡಾಸಾ?' ಎಂದು ಮುಖ ಸಿಂಡರಿಸುವವರೂ ಇದ್ದಾರೆ. ಗಂಡನಿಗೆ ಮನೆಯ ಎಲಿವೇಶನ್ ಚಿಂತೆ. ಜಗಳಕ್ಕೆ ಇಳಿಯಬೇಡಿ. 'ಅತ್ತೆ, ಕೈಪಿಡಿ ಎಷ್ಟೆತ್ತರ ಇದ್ದರ ನಿಮಗ ಹಿಡಿಲಿಕ್ಕೆ ಚಲೋ ಆಗ್ತೈತಿ, ಒಂದ್ಸಲ ತೋರಿಸ್ರಿ' ಅಂತ ಕೇಳಿ. ಗೋಡೆಯ ಮೇಲೆ ಅವರ ಕೈಯಿಂದಲೇ ಸುಣ್ಣದ ಗುರುತು ಹಾಕಿಸಿ. ಯಾರೋ ಅಂಟಿಸಿದ ಕಂಬಿ ರೋಗಿಯ ಗುರುತು; ತಾವೇ ಅಳತೆ ಕೊಟ್ಟದ್ದು ತಮ್ಮ ಮನೆಯ ವಸ್ತು.

ಎಲ್ಲರಿಗೂ ಒದಗುವ ವಿನ್ಯಾಸ ಎಂಬ ಮಾತನ್ನು ಬಳಕೆಗೆ ತಂದವರು ಅಮೆರಿಕದ ವಾಸ್ತುಶಿಲ್ಪಿ ರಾನ್ ಮೇಸ್. ಬಾಲ್ಯದಲ್ಲೇ ಪೋಲಿಯೊ ಆಗಿ ಗಾಲಿಕುರ್ಚಿ ಹಿಡಿದವರು. ಅಂಗವಿಕಲರಿಗೆ ಬೇರೆ, ಉಳಿದವರಿಗೆ ಬೇರೆ ಎನ್ನದೆ ಎಲ್ಲರೂ ಬಳಸುವಂತೆ ಕಟ್ಟಬೇಕು ಎಂಬುದು ಅವರ ವಾದ. ಇಳಿಜಾರು ಅಜ್ಜಿಗೂ ಬೇಕು, ಗ್ಯಾಸ್ ಸಿಲಿಂಡರ್ ಉರುಳಿಸಲೂ ಬೇಕು, ತುಂಬು ಗರ್ಭಿಣಿ ಮಗಳಿಗೂ ಬೇಕು. ನಮ್ಮ ದೇಶದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಸಾರ್ವಜನಿಕ ಕಟ್ಟಡಗಳಿಗೆ ಇದನ್ನೇ ಕಡ್ಡಾಯ ಮಾಡಿದೆ. ನಮ್ಮ ಮನೆಯ ಬಚ್ಚಲು ನೋಡಲು ಮಾತ್ರ ಯಾವ ಅಧಿಕಾರಿಯೂ ಬರುವುದಿಲ್ಲ. ಅಲ್ಲಿ ಕಾಯ್ದೆಯೂ ನೀವೇ, ತಪಾಸಣೆಯೂ ನಿಮ್ಮದೇ.

ಇವತ್ತು ರಾತ್ರಿಯೇ ಆ ತಪಾಸಣೆ ಮಾಡಿ. ದೀಪ ಆರಿಸಿ, ಅತ್ತೆಯವರ ಹಾಸಿಗೆಯಿಂದ ಬಚ್ಚಲಿನವರೆಗೆ ಗೋಡೆ ಹಿಡಿದು ನಿಧಾನಕ್ಕೆ ನಡೆಯಿರಿ. ಎಲ್ಲೆಲ್ಲಿ ಕಾಲಿಗೆ ಏನು ತಾಕಿತು, ಎಲ್ಲಿ ಕೈಗೆ ಆಸರೆ ಸಿಗಲಿಲ್ಲ ಅಂತ ಬೆಳಿಗ್ಗೆ ಬರೆದಿಡಿ. ಗೌಂಡಿಗೆ ಹೇಳಬೇಕಾದ ಪಟ್ಟಿ ಅದೇ. ಮತ್ತೆ ಸಂಜೆಗೆ ಅವರ ಕೈಗೆ ಒಂದು ತಂಬಿಗೆ ನೀರು ಕೊಟ್ಟು, 'ಕುಡೀರಿ ಅತ್ತೆ, ದಾರಿ ಸರಿ ಮಾಡೀವಿ' ಅನ್ನುವಂತಾಗಲಿ.