ಸಿಲಿಂಡರಿಗೆ ಬಿದ್ದ ಚಿಟಿಕೆ ಪುಡಿ

ಕಬ್ಬಿನ ಹಂಗಾಮು ಆರಂಭವಾಯಿತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ರಸ್ತೆಗಳಲ್ಲಿ ಜೋಡಿ ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳದೇ ಸಾಲು. ಗ್ಯಾರೇಜುಗಳ ಮುಂದೆ ಬಾನೆಟ್ ತೆರೆದು ನಿಂತ ಟ್ರ್ಯಾಕ್ಟರುಗಳೂ ಆಗಲೇ ಹೆಚ್ಚು. ಏನಾಯಿತೆಂದು ಕೇಳಿದರೆ, 'ಹೆಡ್ ಗ್ಯಾಸ್ಕೆಟ್ ಹೋಗೇತ್ರಿ' ಎಂಬ ಉತ್ತರ. ರೇಡಿಯೇಟರಿನ ನೀರಿನಲ್ಲಿ ಗುಳ್ಳೆ ಏಳುವುದು, ಬಿಳಿ ಹೊಗೆ, ಹಾಲು ಹಾಕಿದ ಚಹದಂತಾದ ಎಂಜಿನ್ ಆಯಿಲ್ ಇದರ ಲಕ್ಷಣಗಳು.

ಎಂಜಿನ್ನಿನ ಕೆಳಭಾಗ ಬ್ಲಾಕ್, ಮೇಲಿನ ಮುಚ್ಚಳ ಹೆಡ್. ಇವೆರಡರ ನಡುವಿನ ತೆಳು ಹಾಳೆಯೇ ಗ್ಯಾಸ್ಕೆಟ್. ಅದರ ಮೇಲಿನ ಭಾರವನ್ನು ಒಂಬತ್ತನೆಯ ತರಗತಿಯ ಹುಡುಗನೂ ಲೆಕ್ಕ ಹಾಕಬಲ್ಲ. ಸಿಲಿಂಡರಿನ ವ್ಯಾಸ 10 ಸೆಂ.ಮೀ. ಎಂದಿಟ್ಟುಕೊಳ್ಳೋಣ, ವಿಸ್ತೀರ್ಣ ಸುಮಾರು 78 ಚದರ ಸೆಂ.ಮೀ. ಡೀಸೆಲ್ ಉರಿಯುವಾಗ ಒತ್ತಡ ಚದರ ಸೆಂ.ಮೀ.ಗೆ 80 ಕೆ.ಜಿ. ಎಂದರೆ, ಹೆಡ್ಡನ್ನು ಮೇಲಕ್ಕೆ ನೂಕುವ ಬಲ 6 ಟನ್ನಿಗೂ ಹೆಚ್ಚು. ಇದು ಒಂದೇ ಸಿಲಿಂಡರಿನದು! ಆದ್ದರಿಂದ ಹೊಸ ಗ್ಯಾಸ್ಕೆಟ್ ಕೂರಿಸುವ ಮುನ್ನ ಎರಡೂ ಮೈಗಳಿಗೆ ಅಂಟಿದ ಹಳೆಯ ಗ್ಯಾಸ್ಕೆಟ್ಟಿನ ಚೂರು, ಮಸಿ ಎಲ್ಲವನ್ನೂ ಕೆರೆದು ತೆಗೆಯಲೇಬೇಕು. ಕೆರೆದದ್ದು ಎಲ್ಲಿಗೆ ಬೀಳುತ್ತದೆ ಎಂಬುದೇ ಇಂದಿನ ವಿಷಯ.

ಗ್ಯಾರೇಜಿಗೆ ಹೋಗುವ ವಿದ್ಯಾರ್ಥಿಯೊಬ್ಬ ಕೇಳಿದ: 'ಸರ್, ಮಸಿ ಮೆತ್ತಗ ಇರ್ತದ, ಅದು ಕಬ್ಬಿಣ ಹೆಂಗ ಸವಸ್ತದ?' ಒಳ್ಳೆಯ ಪ್ರಶ್ನೆ. ಚಿಮಣಿ ಬುಡ್ಡಿಯ ಗಾಜಿನ ಮಸಿ ಮೆತ್ತಗಿರುತ್ತದೆ ನಿಜ. ಸಿಲಿಂಡರಿನದು ಕಾದು ಕಾದು ಗಟ್ಟಿಯಾದ ಹಳಕು. ಅದರಲ್ಲಿ ಆಯಿಲ್ಲಿನ ಬೂದಿಯೂ ಹೊಲದ ಧೂಳೂ ಸೇರಿರುತ್ತವೆ. ಧೂಳಿನ ಮರಳುಕಣ, ಅಂದರೆ ಕ್ವಾರ್ಟ್ಜ್, ಮೋಸ್ ಮಾಪಕದಲ್ಲಿ 7. ಕೆರೆಯಲು ಎಮರಿ ಕಾಗದ ಬಳಸಿದರೆ ಅದರ ಅಲ್ಯೂಮಿನಿಯಂ ಆಕ್ಸೈಡ್ ಕಣ 9. ಅದಕ್ಕಿಂತ ಗಟ್ಟಿ ವಜ್ರ. ಯಂತ್ರಕ್ಕೆ ಸಿಕ್ಕಿಸಿ ತಿರುಗಿಸುವ ಉಜ್ಜುಬಿಲ್ಲೆಗಳಿಂದ ಉದುರುವ ಪುಡಿ ಬೇರಿಂಗುಗಳನ್ನು ಕೆಡಿಸುತ್ತದೆಂದು ಜನರಲ್ ಮೋಟರ್ಸ್ ಕಂಪನಿ ತನ್ನ ಮೆಕ್ಯಾನಿಕ್‌ಗಳಿಗೆ ಲಿಖಿತ ಎಚ್ಚರಿಕೆಯನ್ನೇ ಕೊಟ್ಟಿತ್ತು.

ಇನ್ನೊಂದು ಲೆಕ್ಕ. ನಿಮಿಷಕ್ಕೆ 2000 ಸುತ್ತು ತಿರುಗುವ ಎಂಜಿನ್ನಿನಲ್ಲಿ ಪಿಸ್ಟನ್ ಒಂದು ಸುತ್ತಿಗೆ 11 ಸೆಂ.ಮೀ. ಮೇಲೆ, 11 ಸೆಂ.ಮೀ. ಕೆಳಗೆ ಚಲಿಸಿದರೆ, ಒಂದು ತಾಸಿನಲ್ಲಿ ಅದರ ರಿಂಗುಗಳು ಗೋಡೆಗೆ ಉಜ್ಜಿಕೊಂಡು ಸಾಗುವ ದೂರ 26 ಕಿಲೋಮೀಟರಿಗೂ ಹೆಚ್ಚು. ನಡುವೆ ಮರಳಿನ ಕಣವಿದ್ದರೆ ಗೆರೆ ಬೀಳದೆ ಇರುತ್ತದೆಯೇ? ಆಯಿಲ್ ಫಿಲ್ಟರ್ ಇದೆಯಲ್ಲ ಎನ್ನಬಹುದು. ಅದು ದೊಡ್ಡ ಕಣಗಳನ್ನು ಹಿಡಿಯುತ್ತದೆ. ನಾಲ್ಕೈದು ಮೈಕ್ರಾನಿನ ಕಣಗಳಲ್ಲಿ ಬಹಳಷ್ಟು ನುಸುಳಿಹೋಗುತ್ತವೆ. ಭಾರ ಹೊತ್ತ ಬೇರಿಂಗಿನಲ್ಲಿ ಆಯಿಲ್ ಪದರದ ದಪ್ಪವೂ ಅಷ್ಟೇ, ಕೆಲವೊಮ್ಮೆ ಇನ್ನೂ ಕಡಿಮೆ.

ನುರಿತ ಮಿಸ್ತ್ರಿ ಏನು ಮಾಡುತ್ತಾನೆ ನೋಡಿ. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಒಂದು ಮತ್ತು ನಾಲ್ಕನೆಯ ಪಿಸ್ಟನ್ ಒಟ್ಟಿಗೆ ಮೇಲೆ ಬರುತ್ತವೆ. ಆಗ ಎರಡು, ಮೂರು ಕೆಳಗಿರುತ್ತವೆ. ಮೇಲೆ ಬರುವ ಮುನ್ನವೇ ಸಿಲಿಂಡರಿನ ಬಾಯಂಚಿಗೆ ಸುತ್ತಲೂ ಗ್ರೀಸ್ ಸವರುತ್ತಾನೆ. ಪಿಸ್ಟನ್ ಏರಿದಾಗ ಗ್ರೀಸು ಸಂದಿಯನ್ನು ತುಂಬುತ್ತದೆ. ಕೆಳಗಿರುವ ಸಿಲಿಂಡರುಗಳಿಗೆ, ಆಯಿಲ್ ಮತ್ತು ನೀರಿನ ರಂಧ್ರಗಳಿಗೆ ಶುಭ್ರ ಬಟ್ಟೆ ತುರುಕುತ್ತಾನೆ. ಎಷ್ಟು ತುಂಡು ತುರುಕಿದನೋ ಅಷ್ಟನ್ನೂ ಎಣಿಸಿ ಹೊರತೆಗೆಯುತ್ತಾನೆ. ಆಪರೇಷನ್ ಥಿಯೇಟರಿನಲ್ಲೂ ಹತ್ತಿ ಬಟ್ಟೆಗಳನ್ನು ಹೀಗೆಯೇ ಎಣಿಸುತ್ತಾರೆ. ಕೆರೆದ ಪುಡಿಯನ್ನು ವ್ಯಾಕ್ಯೂಮಿನಿಂದ ಎಳೆದು, ಉಳಿದದ್ದನ್ನು ಆಯಿಲ್ ಬಟ್ಟೆಯಿಂದ ಒರೆಸಿ, ಪಿಸ್ಟನ್ನನ್ನು ನಿಧಾನವಾಗಿ ಕೆಳಗಿಳಿಸುತ್ತಾನೆ. ಗೋಡೆಯ ಮೇಲೆ ಕಪ್ಪು ಉಂಗುರದಂತೆ ಗ್ರೀಸು ಉಳಿಯುತ್ತದೆ, ಪುಡಿಯೆಲ್ಲ ಅದರಲ್ಲಿ. ಒರೆಸಿದರೆ ಮುಗಿಯಿತು. ಲೈನರಿನ ಹೊರಮೈಗೆ ನೇರವಾಗಿ ನೀರು ತಾಗುವ ಎಂಜಿನ್ ಆದರೆ ತಿರುಗಿಸುವ ಮುನ್ನ ಲೈನರ್ ಮೇಲೇಳದಂತೆ ಬೋಲ್ಟು, ವಾಷರ್ ಹಾಕಿ ಒತ್ತಿ ಹಿಡಿಯಬೇಕು.

ಕೆಲವರು ಇಷ್ಟಕ್ಕೆಲ್ಲ ಪುರಸೊತ್ತಿಲ್ಲವೆಂದು ಹವಾ ಹೊಡೆಯುತ್ತಾರೆ. ಕಸ ಕಣ್ಣಿಗೆ ಕಾಣದಾಗುತ್ತದೆ, ಆದರೆ ಸಂದಿಯೊಳಗೆ ಹೋಗಿ ಕೂತಿರುತ್ತದೆ. ತಪ್ಪನ್ನು ಮಿಸ್ತ್ರಿಯ ತಲೆಗೇ ಕಟ್ಟಲು ನನಗೆ ಮನಸ್ಸಿಲ್ಲ. ಕಡಿದ ಕಬ್ಬು ಒಣಗಿದಷ್ಟೂ ತೂಕ ಇಳಿಯುವುದರಿಂದ ಟ್ರ್ಯಾಕ್ಟರಿನ ಮಾಲೀಕ 'ಸಂಜಿಗೆ ಗಾಡಿ ಬೇಕು' ಎಂದು ತಲೆಯ ಮೇಲೆ ನಿಂತಿರುತ್ತಾನೆ.

ಹವಾ ಹೊಡೆಯುವುದರಿಂದ ಇನ್ನೂ ದೊಡ್ಡ ಅಪಾಯವೊಂದಿದೆ, ಪಾಲಕರು ಗಮನಿಸಬೇಕು. ಹಳೆಯ ಎಂಜಿನ್ನುಗಳ ಗ್ಯಾಸ್ಕೆಟ್ಟುಗಳಲ್ಲಿ ತಾಮ್ರದ ಹಾಳೆಗಳ ನಡುವೆ ಆಸ್ಬೆಸ್ಟಾಸ್ ಇರುತ್ತಿತ್ತು. ಅದರ ಎಳೆಗಳು ಉಸಿರಿನೊಡನೆ ಒಳಹೋದರೆ ಕ್ಯಾನ್ಸರ್ ಬರಬಹುದು, ಅದೂ ಹತ್ತಾರು ವರ್ಷಗಳ ನಂತರ. ಎಲ್ಲ ಬಗೆಯ ಆಸ್ಬೆಸ್ಟಾಸೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಳೆಯ ಗ್ಯಾಸ್ಕೆಟ್ಟನ್ನು ಒಣಗಿದ್ದಾಗ ಕೆರೆಯಬಾರದು, ಉಜ್ಜಬಾರದು, ಊದಬಾರದು. ಒದ್ದೆ ಮಾಡಿಯೇ ತೆಗೆಯಬೇಕು. ರಜೆಯಲ್ಲಿ ಮಗ ಗ್ಯಾರೇಜಿನಲ್ಲಿ ಕೆಲಸ ಕಲಿಯುವುದು ಒಳ್ಳೆಯದೇ. ಆದರೆ ಈ ಕೆರೆಯುವ ಕೆಲಸವನ್ನೇ ಚಿಕ್ಕ ಹುಡುಗನಿಗೆ ವಹಿಸಿದ್ದಾರೆಯೇ ಎಂದು ಒಮ್ಮೆ ಹೋಗಿ ನೋಡಿ ಬನ್ನಿ.

ಬೋಲ್ಟಿನ ರಂಧ್ರಗಳನ್ನೂ ಮರೆಯಬಾರದು. ತಳ ಮುಚ್ಚಿದ ರಂಧ್ರದಲ್ಲಿ ನೀರೋ ಆಯಿಲ್ಲೋ ನಿಂತಿದ್ದರೆ ಪಾಸ್ಕಲನ ನಿಯಮ ತನ್ನ ಕೆಲಸ ಮಾಡುತ್ತದೆ. ದ್ರವ ಕುಗ್ಗುವುದಿಲ್ಲ, ಬೋಲ್ಟು ಬಿಗಿದಂತೆ ಒತ್ತಡ ಸುತ್ತಲೂ ಹರಡಿ ಬ್ಲಾಕೇ ಬಿರುಕು ಬಿಡಬಹುದು. ಬಿರುಕು ಬಿಡದಿದ್ದರೂ ಟಾರ್ಕ್ ರೆಂಚ್ ತೋರಿಸುವ ಬಿಗಿ ಸುಳ್ಳಾಗುತ್ತದೆ.

ಇಷ್ಟಾದ ಮೇಲೆ ಆಯಿಲ್, ಫಿಲ್ಟರ್ ಎರಡೂ ಹೊಸದು ಬೇಕು. ಹೊರತೆಗೆದ ಹಳೆಯ ಆಯಿಲ್ಲನ್ನು ವಿದ್ಯಾರ್ಥಿಗಳು ಪರೀಕ್ಷಿಸಬಹುದು. ದೊಡ್ಡವರನ್ನು ಜೊತೆಗಿಟ್ಟುಕೊಂಡು, ಕೈಚೀಲ ಧರಿಸಿ, ಬೆಂಕಿಯಿಂದ ದೂರದಲ್ಲಿ ಒಂದು ಲೋಟ ಆಯಿಲ್ಲಿಗೆ ಎರಡು ಲೋಟ ಸೀಮೆಎಣ್ಣೆ ಬೆರೆಸಿ ಬಿಳಿ ಬಟ್ಟೆಯಲ್ಲಿ ಸೋಸಿ. ಒಣಗಿದ ಮೇಲೆ ಕಾಗದ ಸುತ್ತಿದ ಅಯಸ್ಕಾಂತವನ್ನು ಅದರ ಮೇಲೆ ಆಡಿಸಿ. ಅಂಟಿದ್ದು ಸಿಲಿಂಡರ್, ರಿಂಗುಗಳಿಂದ ಸವೆದ ಕಬ್ಬಿಣ. ಬಟ್ಟೆಯಲ್ಲೇ ಉಳಿದದ್ದು ಮಸಿ, ಮರಳು, ಅಲ್ಯೂಮಿನಿಯಂ. ಎರಡನ್ನೂ ಬೇರೆ ಬೇರೆ ಕಾಗದದ ಮೇಲಿಟ್ಟು ಭೂತಗನ್ನಡಿಯಲ್ಲಿ ನೋಡಿ.